ಕೆಮ್ಮಿನ ಜಾಗ

ಮಂಚಯ್ಯನ ಕ್ಯಾಸೆಟ್ಟಿನಲ್ಲಿ
ಎರಡನೇ ಸೊಲ್ಲು ಮುಗಿದ ಮೇಲೆ ಒಂದು ಕೆಮ್ಮಿದೆ.
ಬೀಡಿಯದಲ್ಲ, ಆಲೆಮನೆಯ ಹೊಗೆಯದು.
ಕೀಲಾರದಲ್ಲಿ ಮೂವತ್ತು ವರ್ಷ
ಒಲೆಗೆ ರಚ್ಚು ತಳ್ಳಿದವನ ಎದೆಯದು.

ಆ ಕೆಮ್ಮು ಈಗ ಬನ್ನೂರಿನಲ್ಲಿದೆ,
ಹಲಗೂರಿನಲ್ಲಿದೆ,
ನಂಜನಗೂಡಿನ ಗಿರಣಿಯ ರಾತ್ರಿಪಾಳಿಯಲ್ಲಿದೆ.
ಅವನನ್ನು ಕಾಣದವರೂ
ಅಲ್ಲಿಗೆ ಬಂದಾಗ ನಿಂತು, ಕೆಮ್ಮಿ,
ಮೂರನೆಯದಕ್ಕೆ ಕೈ ಹಾಕುತ್ತಾರೆ.

ನಾನು ಕಿರುಗಾವಲಿನ ಉಪಕೇಂದ್ರದಲ್ಲಿ
ಮಕ್ಕಳಿಗೆ ಸೂಜಿ ಚುಚ್ಚುವವಳು.
ಅಜ್ಜನ ತಂಬೂರಿ ಅಟ್ಟದಿಂದ ಇಳಿಸಿದ್ದೆ;
ತಂತಿಯಿರಲಿಲ್ಲ,
ಬುರುಡೆಯೊಳಗೆ ಜೇಡ ಸಂಸಾರ ಹೂಡಿತ್ತು.
ಕೀಲಾರಕ್ಕೆ ಹೋಗು ಅಂದರು ಯಾರೋ.
ಹೋಗಲಾಗಲಿಲ್ಲ, ಪೋಲಿಯೋ ಹನಿಯ ವಾರ.
ಚೀಟಿ ಬರೆದು ಕಂಡಕ್ಟರ್ ಜವರಪ್ಪನ ಕೈಗಿಟ್ಟೆ.

ಮೂರನೇ ದಿನ ಅದೇ ಬಸ್ಸಿನಲ್ಲಿ ಬಂತು
ಪಂಚೆಯ ಚೂರಿನಲ್ಲಿ ಕಟ್ಟಿದ ಗಂಟು:
ನಾಕು ತಂತಿ, ಒಂದು ಕ್ಯಾಸೆಟ್ಟು, ಒಂದಚ್ಚು ಬೆಲ್ಲ.
ದುಡ್ಡೆಷ್ಟು ಅಂತ ಚೀಟಿಯಲ್ಲೇ ಕೇಳಿದ್ದೆ.
ಹಾಡು ಮುಗಿದ ಮೇಲೆ ಉತ್ತರವಿತ್ತು:
"ಮೊದ್ಲು ಬೆಲ್ಲ ತಿನ್ನವ್ವ. ಆಮ್ಯಾಕೆ ತಂತಿ ಕಟ್ಟು.
ತಪ್ಪಾದ್ರೆ ತಪ್ಪನ್ನೇ ಮೀಟು, ನಂಗೂ ಕೇಳ್ಸು.
ಹಿಂದ್ಗಡೆ ವಸಿ ಜಾಗ ಬುಟ್ಟಿವ್ನಿ."

ಆ ವಸಿ ಜಾಗದಲ್ಲಿ
ನನಗಿಂತ ಮೊದಲೇ ಜನ ಕೂತಿದ್ದರು.
ಮದ್ದೂರಿನ ಟೈರ್ ಅಂಗಡಿಯವನೊಬ್ಬ,
ಅವನ ಬೆನ್ನಿಗೆ ಗಾಳಿ ಯಂತ್ರದ ಬುಸುಬುಸು.
ಬನ್ನೂರಿನ ಸಾಕಮ್ಮ, ಅವಳ ಕುರಿಗಳ ಸಮೇತ.
ಒಬ್ಬರು ಮೇಷ್ಟರು,
ಪ್ರತಿ ಸೊಲ್ಲಿಗೂ ಮುಂಚೆ "ಕ್ಷಮಿಸಿ" ಅನ್ನುವವರು.
ಯಾರ ಮುಖವೂ ಗೊತ್ತಿಲ್ಲ ನನಗೆ,
ಯಾರ ಉಸಿರು ಎಲ್ಲಿ ಕಟ್ಟುತ್ತದೆ ಗೊತ್ತು.

ಒಂದು ಸಲ ಮೇಷ್ಟರು
ಟೈರಿನವನ ತಾಳ ತಪ್ಪು ಅಂದುಬಿಟ್ಟರು.
ಅವನು ರೇಗಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.
ಎರಡು ತಿಂಗಳು ಕ್ಯಾಸೆಟ್ಟು
ಬನ್ನೂರಿನ ಗೂಡಿನಲ್ಲಿ ಸುಮ್ಮನೆ ಕೂತಿತು.
ಮಂಚಯ್ಯ ಯಾರಿಗೂ ಬುದ್ಧಿ ಹೇಳಲಿಲ್ಲ.
ಮುಂದಿನ ಸುತ್ತಿಗೆ ಅದೇ ಹಾಡನ್ನು
ಅದೇ ತಪ್ಪು ತಾಳದಲ್ಲಿ ಇಡಿಯಾಗಿ ಹಾಡಿ ಕಳಿಸಿದ.
ಕೊನೆಗೆ ನಕ್ಕ:
"ಇದೂ ನಡೀತದೆ ಕನಪ್ಪ. ವಸಿ ಕುಂಟ್ತದೆ, ಅಷ್ಟೆ."

ಸುದ್ದಿ ತಂದವನೂ ಜವರಪ್ಪನೇ.
ಇಂಜಿನ್ ಆರಿಸದೆ, ಬಾಗಿಲಲ್ಲೇ ನಿಂತು ಹೇಳಿದ;
ಸೀಟಿ ಊದುವುದು ಮರೆತ.

ಹನ್ನೊಂದರ ದಿನ ಕೀಲಾರದ ಅಂಗಳದಲ್ಲಿ
ಗುರುತಿಲ್ಲದವರ ನಡುವೆ ಎಲೆ ಮುಂದೆ ಕೂತಿದ್ದೆ.
ಪಕ್ಕದವರು ನೀರಿನ ಚೊಂಬಿಗೆ ಕೈ ಚಾಚಿ
"ಕ್ಷಮಿಸಿ" ಅಂದರು.
ಮೇಷ್ಟ್ರೇ, ಅಂದೆ.
ಅವರ ಕೈ ಚೊಂಬಿನ ಮೇಲೇ ನಿಂತಿತು.
ಆಚೆ ಸಾಲಿನಿಂದ ಒಂದು ದಪ್ಪ ದನಿ, ಕಿರುಗಾವಲಿನೋರಾ?
ಊಟ ಬಿಟ್ಟು ದನಿಗಳನ್ನು ಮುಖಗಳಿಗೆ ಹೊಂದಿಸಿದೆವು.
ಸಾಕಮ್ಮ ಇಷ್ಟು ಕುಳ್ಳಗಿದ್ದಾಳೆಂದು
ನಾನು ಅಂದುಕೊಂಡಿರಲಿಲ್ಲ.

ಗೋಡೆಯ ಮೊಳೆಯಲ್ಲಿ ಅವನ ತಂಬೂರಿ.
ಮೂರು ತಂತಿ ಹಿತ್ತಾಳೆಯವು. ನಾಕನೆಯದು ಬೂದಿ ಬಣ್ಣ.
ಟೈರಿನವನು ಉಗುರಿನಿಂದ ಕೆರೆದು ನೋಡಿದ:
"ಇದು ಸ್ಕೂಟ್ರು ಬ್ರೇಕಿನ ಎಳೆ. ನಮ್ಮಂಗ್ಡೀದೇ.
ಹೊಸ ತಂತಿ ಬಂದ್ ಬಂದಂಗೆಲ್ಲ
ಯಾರ್ ಯಾರ್ಗೋ ಕಳಿಸ್ತಿದ್ನಲ್ಲ, ಮುದ್ಕ."
ನಾನು ಎಲೆ ಮಡಿಸಿದೆ.

ಈಗ ಹಾಡು ಫೋನಿನಲ್ಲಿ ಹೋಗುತ್ತದೆ,
ಜವರಪ್ಪನಿಗೆ ನಿವೃತ್ತಿಯಾಯಿತು.
ಹೋದ ತಿಂಗಳು ಮಳವಳ್ಳಿಯ ಹುಡುಗಿ ಇಂಚರ,
ಹದಿನಾರೋ ಹದಿನೇಳೋ, ಕೇಳಿದಳು:
"ಆಂಟಿ, ಆ ಕೆಮ್ಮು ಯಾವ ಮಾತ್ರೆಗೆ ಬರ್ಬೇಕು?"
ರಚ್ಚಿನ ಹೊಗೆಯ ಕತೆ ಹೇಳಲು ಹೊರಟವಳು ತಡೆದೆ.
ಕೆಮ್ಮಬೇಡ, ಅಲ್ಲಿ ವಸಿ ಜಾಗ ಬಿಡು, ಅಂದೆ.

ನಿನ್ನೆ ಕಳಿಸಿದ್ದಾಳೆ. ಕೆಮ್ಮಿಲ್ಲ.
ಎರಡನೇ ಸೊಲ್ಲಿನ ಆಚೆ
ಅವರ ಬೀದಿಯಲ್ಲಿ ಹಾಲಿನ ಗಾಡಿಯೊಂದು
ಹಾರ್ನು ಹೊಡೆಯುತ್ತ ಹಾದುಹೋಗುತ್ತದೆ.